ನಾಲ್ಕನೇ ಸಾಲಿನಲ್ಲಿ ಸಿಕ್ಕಿಕೊಂಡ ಫೈಲು: ಕಾಲೇಜು ಲೈಬ್ರರಿಯನ್ ಒಬ್ಬರ ಬಡ್ತಿ ಪ್ರಕರಣ

2024ರ ಆಗಸ್ಟ್ ಮೊದಲ ವಾರ. ಜಡಿಮಳೆ. ಸಂಜೆ ಆರರ ಹೊತ್ತಿಗೆ ಮೇಡಂ ಒಬ್ಬರು ಆಟೋದಿಂದ ಇಳಿದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿದ ಎರಡು ಬಾಕ್ಸ್ ಫೈಲು. ಮಲೆನಾಡಿನ ಅಂಚಿನ ತಾಲ್ಲೂಕು ಊರೊಂದರ ಅನುದಾನಿತ ಪದವಿ ಕಾಲೇಜಿನಲ್ಲಿ ಅವರು ಲೈಬ್ರರಿಯನ್. ನಾನು ಅದೇ ಕೆಲಸದಿಂದ ರಿಟೈರ್ ಆದವನು. ಇಂಥ ಫೈಲು ನೋಡಿಕೊಡುವುದು ಒಂಥರಾ ಅಭ್ಯಾಸವಾಗಿಬಿಟ್ಟಿದೆ.

"ಸರ್, ಎಲ್ಲಾ ಇದೆ. ಒಂದ್ಸಲ ಕಣ್ಣಾಡಿಸಿ ಕೊಟ್ರೆ ನಾಳೇನೇ ಆಫೀಸಿಗೆ ಕೊಡ್ತೀನಿ" ಅಂದರು.

ಎಲ್ಲಾ ಇತ್ತು ನಿಜ. 412 ಪುಟ. ಹೂಗುಚ್ಛ ಕೊಡುವ ಫೋಟೋ, ದೀಪ ಹಚ್ಚುವ ಫೋಟೋ, ಪೇಪರ್ ಕಟಿಂಗು, ಸರ್ಟಿಫಿಕೇಟುಗಳ ಜೆರಾಕ್ಸು. ಇಲ್ಲದ್ದು ಒಂದೇ ಅಂತ ನನಗೆ ಅವತ್ತು ಅನಿಸಿತು. ಇಲ್ಲದ್ದು ಎರಡು ಅಂತ ಆಮೇಲೆ ಗೊತ್ತಾಯಿತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಬೇಡ ಅಂದರು. ಹಾಕಿಲ್ಲ.

ನಿಯಮ ಏನು ಕೇಳುತ್ತದೆ

ಕಾಲೇಜು ಲೈಬ್ರರಿಯನ್‌ಗಳ ಬಡ್ತಿ ಖಾಲಿ ಹುದ್ದೆ ನೋಡಿಕೊಂಡು ಬರುವುದಲ್ಲ. ಇಷ್ಟು ವರ್ಷ ಆಯಿತು, ಇಷ್ಟು ಕೆಲಸ ತೋರಿಸಿದಿರಿ, ಸಂಬಳದ ಮೇಲಿನ ಲೆವೆಲ್ಲಿಗೆ ಹೋಗಿ, ಅಷ್ಟೇ. ಕುರ್ಚಿ ಅದೇ, ಟೇಬಲ್ಲೂ ಅದೇ. ಇದಕ್ಕೆ ಸಿಎಎಸ್, ಅಂದರೆ ವೃತ್ತಿ ಬೆಳವಣಿಗೆ ಯೋಜನೆ ಅನ್ನುತ್ತಾರೆ. ಈ ಫೈಲಿಗೆ ಅನ್ವಯವಾದದ್ದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಜುಲೈ ನಿಯಮಾವಳಿ. ಸೇರುವಾಗ ಲೆವೆಲ್ 10. ಪಿಎಚ್‌ಡಿ ಇದ್ದರೆ 4 ವರ್ಷಕ್ಕೆ, ಎಂಫಿಲ್ ಇದ್ದರೆ 5 ವರ್ಷಕ್ಕೆ, ಎರಡೂ ಇಲ್ಲದಿದ್ದರೆ 6 ವರ್ಷಕ್ಕೆ ಲೆವೆಲ್ 11. ಅಲ್ಲಿ 5 ವರ್ಷ ಕಳೆದರೆ ಲೆವೆಲ್ 12. ಈ ಮೇಡಂ ನೆಟ್ ಅರ್ಹತಾ ಪರೀಕ್ಷೆ ಪಾಸಾಗಿ 2013ರ ಆಗಸ್ಟಿನಲ್ಲಿ ಸೇರಿದವರು. ಪಿಎಚ್‌ಡಿ ಇಲ್ಲ. 2019ಕ್ಕೆ ಲೆವೆಲ್ 11 ಸಿಕ್ಕಿತ್ತು. 2024ರ ಆಗಸ್ಟಿಗೆ ಐದು ವರ್ಷ ತುಂಬಿತು. ಲೆವೆಲ್ 12 ಶುರುವಾಗುವುದೇ 79,800 ರೂಪಾಯಿಂದ. ಅವಸರ ಇರುವುದು ಸಹಜ ತಾನೇ?

ನನ್ನ ಕಾಲದಲ್ಲಿ 2010ರ ನಿಯಮ ಇತ್ತು. ಎಪಿಐ ಅಂತ ಅಂಕ ಕೂಡಿಸುವ ಪರದಾಟ. ಅದಕ್ಕೆ ಹೋಲಿಸಿದರೆ 2018ರದ್ದು ಸರಳ. ಅಂಕ ಇಲ್ಲ, ಗ್ರೇಡ್ ಇದೆ. ಲೈಬ್ರರಿಯನ್‌ಗಳಿಗೆಂದೇ ಒಂದು ಕೋಷ್ಟಕ ಇದೆ, ಅನುಬಂಧ 2ರ 4ನೇ ಕೋಷ್ಟಕ. ಅದರಲ್ಲಿ ಐದು ಸಾಲು. ಒಂದು, ಲೈಬ್ರರಿಗೆ ಹಾಜರಾತಿ: 90% ಮೇಲಿದ್ದರೆ ಗುಡ್, 80ರಿಂದ 90ರೊಳಗೆ ಸ್ಯಾಟಿಸ್ಫ್ಯಾಕ್ಟರಿ. ಎರಡು, ಸೆಮಿನಾರು ಮತ್ತು ಕಾರ್ಯಾಗಾರ. ಮೂರು, ಪುಸ್ತಕಗಳ ಡೇಟಾಬೇಸ್: 100% ಆಗಿದ್ದರೆ ಗುಡ್, 99% ಆಗಿದ್ದರೆ ಸ್ಯಾಟಿಸ್ಫ್ಯಾಕ್ಟರಿ. ನಾಲ್ಕು, ಸ್ಟಾಕ್ ಪರಿಶೀಲನೆ: ಕಳೆದುಹೋದ ಪುಸ್ತಕ 0.5%ಗಿಂತ ಕಡಿಮೆ ಇದ್ದರೆ ಗುಡ್, 1%ಗಿಂತ ಕಡಿಮೆ ಇದ್ದರೆ ಸ್ಯಾಟಿಸ್ಫ್ಯಾಕ್ಟರಿ. ಪರಿಶೀಲನೆ ಮಾಡದೇ ಇದ್ದರೆ ಫೇಲ್. ಐದು, ಅಡ್ಮಿಷನ್, ಪರೀಕ್ಷೆ ಕೆಲಸ, ಓದುಗರಿಗೆ ಸಣ್ಣ ಕೋರ್ಸು, ಪ್ರಬಂಧ ಪ್ರಕಟಣೆ ಇತ್ಯಾದಿ.

ಈ ಐದೂ ಸಾಲು ನೋಡಿ ಎಲ್ಲರೂ ಐದಕ್ಕೂ ಸಮ ಸಮ ದಾಖಲೆ ಕೂಡಿಸುತ್ತಾರೆ. ಕೋಷ್ಟಕದ ಕೊನೆಯಲ್ಲಿ ಇರುವ ಒಂದು ಸಾಲನ್ನು ಓದುವವರು ಕಮ್ಮಿ. ಒಟ್ಟು ಗ್ರೇಡ್ ಸಿಗಬೇಕಾದರೆ ಮೊದಲನೆಯದು ಸರಿ ಇರಬೇಕು. ಮಿಕ್ಕ ನಾಲ್ಕರಲ್ಲಿ ಯಾವುದಾದರೂ ಎರಡು ಸರಿ ಇರಬೇಕು. ಆ ಎರಡರಲ್ಲಿ ನಾಲ್ಕನೆಯದು ಇರಲೇಬೇಕು. ಅಂದರೆ ಒಬ್ಬರು ಹತ್ತು ಸೆಮಿನಾರು ಮಾಡಿರಲಿ, ಆ ವರ್ಷ ಸ್ಟಾಕ್ ನೋಡಿಲ್ಲ ಅಂದರೆ ಆ ವರ್ಷವೇ ಹೋಯಿತು.

ಮೇಡಂ ಫೈಲಿನಲ್ಲಿ ಸೆಮಿನಾರಿಗೆ 160 ಪುಟ ಇತ್ತು. ಸ್ಟಾಕ್ ಪರಿಶೀಲನೆಗೆ ಇದ್ದದ್ದು ಆರು ಪುಟ. ಅದೂ ಎರಡು ವರ್ಷದ್ದು ಮಾತ್ರ.

ಮೂರು ವರ್ಷಕ್ಕೊಮ್ಮೆ

"ಯಾಕೆ ಮೇಡಂ, ಮಿಕ್ಕ ಮೂರು ವರ್ಷ ನೋಡಲೇ ಇಲ್ವಾ?"

"ಸರ್, ನಮ್ದು ಮೂರು ವರ್ಷಕ್ಕೊಂದ್ಸಲ. ನಾನು ಬರೋದಕ್ಕೆ ಮುಂಚಿಂದಾನೂ ಹಂಗೇ."

ಅವರು ಹೇಳಿದ್ದು ತಪ್ಪಲ್ಲ. ಕೇಂದ್ರ ಸರ್ಕಾರದ ಹಣಕಾಸು ನಿಯಮ, 2017ರ ಜಿಎಫ್‌ಆರ್, ಅದರ 215ನೇ ನಿಯಮ ಇದನ್ನೇ ಹೇಳುತ್ತದೆ. 20 ಸಾವಿರದವರೆಗೆ ಪುಸ್ತಕ ಇದ್ದರೆ ಪ್ರತಿ ವರ್ಷ ಪೂರ್ತಿ ನೋಡಿ. 20ರಿಂದ 50 ಸಾವಿರ ಇದ್ದರೆ ಮೂರು ವರ್ಷಕ್ಕೊಮ್ಮೆಯಾದರೂ ನೋಡಿ. ಅದಕ್ಕಿಂತ ಜಾಸ್ತಿ ಇದ್ದರೆ ಮಾದರಿ ತೆಗೆದು ನೋಡಿದರೂ ಸಾಕು. ಅನುದಾನಿತ ಕಾಲೇಜಿಗೆ ಇದು ನೇರ ಅನ್ವಯ ಅಲ್ಲ. ಆದರೂ ಲೈಬ್ರರಿಯವರು ಬಹಳ ಕಡೆ ಇದನ್ನೇ ಹಿಡಿದುಕೊಂಡು ಬಂದಿದ್ದಾರೆ. ಇವರದು 39 ಸಾವಿರ ಚಿಲ್ಲರೆ ಪುಸ್ತಕದ ಲೈಬ್ರರಿ. ಒಬ್ಬರು ಲೈಬ್ರರಿಯನ್, ಒಬ್ಬ ಅಟೆಂಡರ್. ಮೂರು ವರ್ಷಕ್ಕೊಮ್ಮೆ ಮಾಡಿದರೇ ಹೆಚ್ಚು.

ಆದರೆ ಬಡ್ತಿಯ ಕೋಷ್ಟಕ ವರ್ಷ ವರ್ಷದ್ದು. ಲೆವೆಲ್ 12ಕ್ಕೆ ಐದು ವರ್ಷದಲ್ಲಿ ನಾಲ್ಕು ವರ್ಷವಾದರೂ ಗುಡ್ ಅಥವಾ ಸ್ಯಾಟಿಸ್ಫ್ಯಾಕ್ಟರಿ ಬೇಕು. ಮೂರು ವರ್ಷಕ್ಕೊಮ್ಮೆ ಸ್ಟಾಕ್ ನೋಡುವವರಿಗೆ ಐದು ವರ್ಷದಲ್ಲಿ ಸಿಗುವುದು ಎರಡೇ ವರ್ಷ. ಎರಡು ನಿಯಮ ಬರೆದವರು ಒಂದೇ ಕೋಣೆಯಲ್ಲಿ ಕೂತಿರಲಿಲ್ಲ, ಅದು ಸ್ಪಷ್ಟ. ನಡುವೆ ಸಿಕ್ಕಿಕೊಂಡವರು ಈ ಮೇಡಂ.

ಇನ್ನೊಂದು ಗೊಂದಲವೂ ಇದೆ, ಹೇಳಿಬಿಡುತ್ತೇನೆ. ಜಿಎಫ್‌ಆರ್ ಪ್ರಕಾರ ವರ್ಷದಲ್ಲಿ ಎರವಲು ಹೋದ ಮತ್ತು ಓದಲು ತೆಗೆದ ಪುಸ್ತಕಗಳಲ್ಲಿ ಸಾವಿರಕ್ಕೆ ಐದು ಕಳೆದರೆ ಅದು ಸಹಜ ನಷ್ಟ. ಸಾವಿರಕ್ಕೆ ಐದು ಅಂದರೆ 0.5%. ಯುಜಿಸಿ ಕೋಷ್ಟಕದಲ್ಲೂ 0.5%. ಹಾಗಾಗಿ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲ. ಜಿಎಫ್‌ಆರ್ ಲೆಕ್ಕ ಬಳಕೆಯಾದ ಪುಸ್ತಕದ ಮೇಲೆ. ಕೋಷ್ಟಕ ಯಾವುದರ ಮೇಲೆ ಅಂತ ಬಿಡಿಸಿ ಹೇಳುವುದಿಲ್ಲ. ನಾವು ಆಯಾ ವರ್ಷ ಎಣಿಸಿದ ಒಟ್ಟು ಪುಸ್ತಕದ ಮೇಲೆ ಹಾಕಿದೆವು. ಹಾಕಿದ್ದೇವೆ ಅಂತ ಮೊದಲ ಪುಟದಲ್ಲೇ ಬರೆದೆವು. ಕೇಳುವ ಮೊದಲೇ ಹೇಳಿಬಿಟ್ಟರೆ ಅರ್ಧ ಆಕ್ಷೇಪಣೆ ಅಲ್ಲೇ ಸಾಯುತ್ತದೆ.

ಒಂದು ರಾತ್ರಿಯ ರಿಜಿಸ್ಟರು

ಕಾಲೇಜಿನ ಆಫೀಸಿನಲ್ಲಿ ಒಬ್ಬರು ಒಳ್ಳೇ ಮನಸ್ಸಿನಿಂದಲೇ ಒಂದು ದಾರಿ ಹೇಳಿದರಂತೆ. "ಒಂದ್ ರಾತ್ರಿ ಕೂತ್ರೆ ಆಯ್ತು ಮೇಡಂ. ಖಾಲಿ ರಿಜಿಸ್ಟರ್ ಹಳೇದು ನನ್ ಹತ್ರ ಇದೆ. ಮೂರು ವರ್ಷದ್ದೂ ಬರೆದು ಸಹಿ ಹಾಕ್ಸಿದ್ರೆ ಯಾರು ಕೇಳ್ತಾರೆ?" ಮೇಡಂ ಅದನ್ನು ನನಗೆ ಹೇಳುವಾಗ ಮುಖ ನೋಡಲಿಲ್ಲ. ಮಾಡಲೇನೋ ಬೇಡವೇನೋ ಅನ್ನುವ ತೂಗಾಟ ಇತ್ತು ಅಂತ ಕಾಣುತ್ತದೆ.

ನಾನು ನೀತಿ ಪಾಠ ಹೇಳಲು ಹೋಗಲಿಲ್ಲ. ಲೆಕ್ಕ ಹಾಕಲು ಕೂತೆ. ಬೇಕಾದ್ದು ಐದಕ್ಕೆ ನಾಲ್ಕು. ಒಂದು ವರ್ಷ ಬಿಟ್ಟುಕೊಡಬಹುದು. ಹಾಗಾದರೆ 2020-21 ಬಿಟ್ಟುಕೊಡಿ. ಕೊರೋನಾ ವರ್ಷ. ತಿಂಗಳುಗಟ್ಟಲೆ ಕಾಲೇಜು ಮುಚ್ಚಿತ್ತು ಅಂತ ಸರ್ಕಾರದ ಆದೇಶಗಳೇ ಇವೆ. ಆ ವರ್ಷ ಪೂರ್ತಿ ಸ್ಟಾಕ್ ನೋಡಿದೆ ಅಂತ ರಿಜಿಸ್ಟರ್ ತೋರಿಸಿದರೆ, ಅದನ್ನು ಓದಿದವರಿಗೆ ಮಿಕ್ಕ ನಾಲ್ಕು ವರ್ಷದ ಮೇಲೂ ಅನುಮಾನ ಬರುತ್ತದೆ. "2020-21: ಪರಿಶೀಲನೆ ಆಗಿಲ್ಲ" ಅಂತ ನಾವೇ ಬರೆದೆವು.

ಇಲ್ಲಿಗೆ 2019-20 ಮತ್ತು 2022-23 ಕೈಯಲ್ಲಿದ್ದವು. ಬೇಕಾದ್ದು ಇನ್ನೆರಡು: 2021-22 ಮತ್ತು 2023-24.

ಕನ್ನಡ ಪುಸ್ತಕಗಳು ಕೈ ಹಿಡಿದದ್ದು

ಈಗ ಆ 412 ಪುಟದಲ್ಲಿ ಮೇಡಂಗೆ ಜೀವದಷ್ಟು ಇಷ್ಟವಾದ ಭಾಗದ ಬಗ್ಗೆ ಹೇಳಬೇಕು. ಅವರ ಲೈಬ್ರರಿಯಲ್ಲಿ ಸುಮಾರು 9,200 ಕನ್ನಡ ಪುಸ್ತಕ. ಹಿಂದಿನವರು ಅವನ್ನೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಕೋಹಾ ಅನ್ನುವ ಲೈಬ್ರರಿ ತಂತ್ರಾಂಶಕ್ಕೆ ಹಾಕಿದ ಮೇಲೆ ಪರದೆಯಲ್ಲಿ ಬರೀ ಚಿತ್ರ ವಿಚಿತ್ರ ಇಂಗ್ಲಿಷ್ ಅಕ್ಷರಗಳು. ಹುಡುಗರು "ಕೃಷಿ" ಅಂತ ಟೈಪ್ ಮಾಡಿದರೆ ಒಂದೂ ಬರುತ್ತಿರಲಿಲ್ಲ. ಪುಸ್ತಕ ಕಪಾಟಿನಲ್ಲಿ ಇದೆ, ಡೇಟಾಬೇಸಿನಲ್ಲೂ ಇದೆ, ಆದರೆ ಹುಡುಕಿದವನಿಗೆ ಇಲ್ಲ.

2021-22ರಲ್ಲಿ ಮೇಡಂ ಕೂತು ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡಿಗೆ ತಂದರು. ಪರಿವರ್ತಕದಲ್ಲಿ ಹಾಕಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತದೆ. ಆದ್ದರಿಂದ ಒಂದೊಂದು ಪುಸ್ತಕವನ್ನೂ ಕಪಾಟಿನಿಂದ ತೆಗೆದು, ಹೆಸರು ತಿದ್ದಿ, ಬಾರ್‌ಕೋಡ್ ಅಂಟಿಸಿ, ಸ್ಕ್ಯಾನ್ ಮಾಡಿ ವಾಪಸ್ ಇಡಬೇಕಾಯಿತು. ಅಟೆಂಡರ್ ಏಣಿ ಹತ್ತುವುದು, ಇವರು ಕೆಳಗೆ ಕೂತು ತಿದ್ದುವುದು. ಏಳು ತಿಂಗಳು.

ಇದನ್ನು ಅವರು ಮೂರನೇ ಸಾಲಿಗೆ, ಡೇಟಾಬೇಸಿಗೆ, ಸೇರಿಸಿದ್ದರು. ಅಲ್ಲಿ ಇದಕ್ಕೆ ಬೆಲೆ ಕಮ್ಮಿ. ಅಕ್ಷರ ಓದಲು ಬರುತ್ತದೋ ಇಲ್ಲವೋ ಕೋಷ್ಟಕ ಕೇಳುವುದಿಲ್ಲ. ದಾಖಲೆ ಡೇಟಾಬೇಸಿನಲ್ಲಿ ಇದ್ದರೆ ಸಾಕು, ಅದು ಮೊದಲೇ ಇತ್ತು. "ಇಷ್ಟು ಮಾಡಿದ್ದಕ್ಕೆ ಏನೂ ಇಲ್ವಾ ಸರ್?" ಅಂತ ಕೇಳಿದರು. ಬೇಜಾರಾಗಿತ್ತು.

ನನ್ನ ಹಳೇ ಸಹಪಾಠಿಯೊಬ್ಬರು ಅಮೆರಿಕದ ಯೂನಿವರ್ಸಿಟಿಯೊಂದರಲ್ಲಿ ಲೈಬ್ರರಿಯನ್. ಅಲ್ಲಿ ಕೆಲವು ಯೂನಿವರ್ಸಿಟಿಗಳಲ್ಲಿ ಲೈಬ್ರರಿಯನ್‌ಗಳಿಗೂ ಪ್ರಾಧ್ಯಾಪಕರ ಹಾಗೆ ಟೆನ್ಯೂರ್, ಅಂದರೆ ಕಾಯಂ ಹುದ್ದೆ ಇದೆ. ಫೈಲಿನಲ್ಲಿ ಮೊದಲಿಗೇ ತಾನು ಏನು ಮಾಡಿದೆ, ಯಾಕೆ ಮಾಡಿದೆ ಅಂತ ಸ್ವಂತ ಮಾತಿನಲ್ಲಿ ಬರೆಯಬೇಕು. ಬೇರೆ ಯೂನಿವರ್ಸಿಟಿಯವರು ಆ ಕೆಲಸವನ್ನು ಓದಿ ಅಭಿಪ್ರಾಯ ಪತ್ರ ಕಳಿಸುತ್ತಾರೆ. ಪಾಸಾಗದಿದ್ದರೆ ಸಾಮಾನ್ಯವಾಗಿ ಒಂದು ವರ್ಷದಲ್ಲಿ ಕೆಲಸವೇ ಹೋಗುತ್ತದೆ, ಅದು ಬೇರೆ ಮಾತು. ನಮ್ಮಲ್ಲಿ ಕೆಲಸ ಹೋಗುವುದಿಲ್ಲ. ಆದರೆ ನಮ್ಮ ಕೋಷ್ಟಕದಲ್ಲಿ "ಯಾಕೆ" ಅಂತ ಬರೆಯಲು ಜಾಗವೂ ಇಲ್ಲ. ಅದಕ್ಕೇ ನಾವು ಒಂದೊಂದು ವರ್ಷಕ್ಕೆ ಒಂದೊಂದು ಪುಟದ ಟಿಪ್ಪಣಿ ಬರೆದು ಮುಂದೆ ಇಟ್ಟೆವು. ಕೇಳಿರಲಿಲ್ಲ, ಬೇಡ ಅಂತಲೂ ಹೇಳಿರಲಿಲ್ಲ.

2021-22ರ ಟಿಪ್ಪಣಿ ಬರೆಯುತ್ತಿರುವಾಗಲೇ ನನಗೆ ಹೊಳೆದದ್ದು. ಪ್ರತಿ ಪುಸ್ತಕವನ್ನೂ ಕೈಯಲ್ಲಿ ಹಿಡಿದು, ನಂಬರ್ ನೋಡಿ, ಸ್ಕ್ಯಾನ್ ಮಾಡಿದ್ದು ಸ್ಟಾಕ್ ಪರಿಶೀಲನೆ ಅಲ್ಲದೆ ಇನ್ನೇನು?

"ಮೇಡಂ, ಸಿಗದೇ ಇದ್ದ ಪುಸ್ತಕ ಇತ್ತಾ?"

"ಇತ್ತು ಸರ್, 38. ಪ್ರಿನ್ಸಿಪಾಲರಿಗೆ ಲೆಟರ್ ಬರೆದಿದ್ನಲ್ಲ."

ಲೆಟರ್ ಇತ್ತು. ಅದಕ್ಕೆ ಆಫೀಸಿನ ಇನ್‌ವರ್ಡ್ ನಂಬರ್ ಇತ್ತು, ತಾರೀಕು ಇತ್ತು. ಕೋಹಾದಲ್ಲಿ ಯಾವ ಪುಸ್ತಕ ಯಾವ ದಿನ ಸ್ಕ್ಯಾನ್ ಆಯಿತು ಅಂತ ದಾಖಲೆಯೂ ಉಳಿದಿತ್ತು. 9,200ಕ್ಕೆ 38 ಅಂದರೆ 0.41%. ಇದನ್ನೆಲ್ಲ ಅವರು ಫೈಲಿಗೇ ಹಾಕಿರಲಿಲ್ಲ. ಫೈಲಿನಲ್ಲಿ ಇದ್ದದ್ದು ಉದ್ಘಾಟನೆಯ ಫೋಟೋ.

2023-24ಕ್ಕೂ ಹೀಗೇ ಒಂದು ಸಿಕ್ಕಿತು. ಆ ವರ್ಷ ಬೇಸಿಗೆ ರಜೆಯಲ್ಲಿ ವಾಣಿಜ್ಯ ಮತ್ತು ವಿಜ್ಞಾನ ವಿಭಾಗದ 14 ಸಾವಿರ ಪುಸ್ತಕಕ್ಕೆ ಬಾರ್‌ಕೋಡ್ ಹಾಕಿದ್ದರು. ಸಿಗದವು 61. ಇದಕ್ಕೂ ಪತ್ರ ಇತ್ತು, ಪ್ರಿನ್ಸಿಪಾಲರ "ನೋಡಿದೆ" ಅನ್ನುವ ಸಹಿ ಇತ್ತು.

ಇಷ್ಟಾದರೂ ಇದು ಭಾಗಶಃ ಪರಿಶೀಲನೆ. ಪೂರ್ತಿ ಅಲ್ಲ. ಅದನ್ನು ಮುಚ್ಚಿಡಲಿಲ್ಲ. "ವಿಭಾಗವಾರು ಪರಿಶೀಲನೆ" ಅಂತಲೇ ಬರೆದು, ಇಷ್ಟು ದೊಡ್ಡ ಲೈಬ್ರರಿಗೆ ಪೂರ್ತಿ ಪರಿಶೀಲನೆ ಮೂರು ವರ್ಷಕ್ಕೊಮ್ಮೆ ಸಾಕು ಅನ್ನುವ ಜಿಎಫ್‌ಆರ್ ನಿಯಮದ ಪ್ರತಿಯನ್ನು ಲಗತ್ತಿಸಿದೆವು.

ಗಾಜಿನ ಬೀರು

ಪೂರ್ತಿ ಪರಿಶೀಲನೆಯ ಎರಡು ವರ್ಷದಲ್ಲಿ 2019-20 ಸಲೀಸು. 38,600 ಪುಸ್ತಕ, ಇಲ್ಲದವು 171. ಅಂದರೆ 0.44%. ಗುಡ್. 2022-23ರದ್ದು ತಮಾಷೆಯಾಗಿದೆ. ಸ್ಟಾಕ್ 39,800. ಮೊದಲ ಎಣಿಕೆಯಲ್ಲಿ ಇಲ್ಲದವು 214. ಇದು 0.5% ದಾಟುತ್ತದೆ. ಸ್ಯಾಟಿಸ್ಫ್ಯಾಕ್ಟರಿ ಸಿಗುತ್ತಿತ್ತು, ಅಷ್ಟೇ ಸಾಕಿತ್ತು. ಆದರೆ ಮೇಡಂ ಆಗಲೇ ಹಟ ಹಿಡಿದು ಮೂರು ವಾರ ಹುಡುಕಿದ್ದರು. ಇತಿಹಾಸ ವಿಭಾಗದ ಕಪಾಟಿನ ಹಿಂದೆ ಬಿದ್ದಿದ್ದು ನಾಲ್ಕು. ಸ್ಟಾಫ್ ರೂಮಿನ ಬೀರುಗಳಲ್ಲಿ ಹದಿನಾರು. ನಿವೃತ್ತರಾದ ಮೇಷ್ಟ್ರೊಬ್ಬರ ಮನೆಯಲ್ಲಿ ಐದು. ಅವರ ಶ್ರೀಮತಿಯವರು ಕಾಫಿ ಕೊಟ್ಟು, "ತಗೊಂಡ್ಹೋಗಮ್ಮ, ಧೂಳು ಕಮ್ಮಿ ಆಗ್ಲಿ" ಅಂದರಂತೆ. ಮಿಕ್ಕ ಆರು ಎಲ್ಲಿದ್ದವು ಅಂದುಕೊಂಡಿರಿ? ಪ್ರಿನ್ಸಿಪಾಲರ ಚೇಂಬರಿನ ಗಾಜಿನ ಬೀರುವಿನಲ್ಲಿ, ಶೀಲ್ಡುಗಳ ಹಿಂದೆ. ಒಟ್ಟು 31 ಸಿಕ್ಕಿ 183ಕ್ಕೆ ಇಳಿಯಿತು. 0.46%.

ಆ 183ರಲ್ಲಿ ಬಹುಪಾಲು 2019ರ ಹಳೇ ಲೆಕ್ಕವೇ. ಕಳೆದ ಪುಸ್ತಕವನ್ನು ಆಡಳಿತ ಮಂಡಳಿ ರೈಟ್ ಆಫ್ ಮಾಡದಿದ್ದರೆ, ಅಂದರೆ ಲೆಕ್ಕದಿಂದ ತೆಗೆಯದಿದ್ದರೆ, ಅದು ಪ್ರತಿ ಎಣಿಕೆಯಲ್ಲೂ ಎದ್ದು ಬರುತ್ತದೆ. ಪಟ್ಟಿ ಕೊಟ್ಟು ಎಷ್ಟು ಸಲ ನೆನಪಿಸಿದರೂ ಸಭೆಯ ಅಜೆಂಡಾದಲ್ಲಿ ಬಂದಿರಲಿಲ್ಲ. ಲೈಬ್ರರಿಯನ್ ಗ್ರೇಡ್ ಹೀಗೆ ಇನ್ಯಾರದೋ ಸಭೆಯ ಮೇಲೆ ನಿಂತಿರುತ್ತದೆ. ಇದು ಕೋಷ್ಟಕ ಬರೆದವರ ಗಮನಕ್ಕೆ ಬಂದಂತೆ ಕಾಣುವುದಿಲ್ಲ.

ಮಿಕ್ಕ ಸಾಲುಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಾಜರಾತಿ 90% ಮೇಲೆಯೇ ಇತ್ತು. ಐದನೇ ಸಾಲಿಗೆ ಅಡ್ಮಿಷನ್ ಕಮಿಟಿ, ಪರೀಕ್ಷೆ ಕೆಲಸದ ಆದೇಶಗಳು ಇದ್ದವು. ಎನ್-ಲಿಸ್ಟ್ ಅನ್ನುವ ಆನ್‌ಲೈನ್ ಸೇವೆಯ ಇ-ಪುಸ್ತಕಗಳನ್ನು ಬಳಸುವುದು ಹೇಗೆ ಅಂತ ಹುಡುಗರಿಗೆ ನಡೆಸಿದ ತರಗತಿಗಳೂ ಇದ್ದವು. ಸೆಮಿನಾರಿನ 160 ಪುಟ 22ಕ್ಕೆ ಇಳಿಯಿತು. ಆಗಸ್ಟ್ 12ರ ಲೈಬ್ರರಿಯನ್‌ಗಳ ದಿನ, ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹ, ಇವುಗಳಲ್ಲಿ ಪುಸ್ತಕದ ಮೇಲೆ ಚರ್ಚೆ, ಕಾರ್ಯಾಗಾರ ನಡೆದದ್ದನ್ನು ಇಟ್ಟುಕೊಂಡೆವು. ಸುಮ್ನೆ ಟೇಬಲ್ ಮೇಲೆ ಪುಸ್ತಕ ಜೋಡಿಸಿದ ಪ್ರದರ್ಶನಗಳನ್ನು ತೆಗೆದೆವು. ಒಟ್ಟು ಫೈಲು 138 ಪುಟಕ್ಕೆ ನಿಂತಿತು. ವರ್ಷಕ್ಕೊಂದು ಭಾಗ, ಪ್ರತಿ ಭಾಗದಲ್ಲೂ ಒಂದರಿಂದ ಐದು. ಓದುವವರು ಕೋಷ್ಟಕ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಪುಟ ತಿರುಗಿಸಿದರೆ ಸಾಕು.

ನನ್ನ ತಪ್ಪು

ಸ್ಟಾಕ್ ಸ್ಟಾಕ್ ಅಂತ ನಾನು ಅದರಲ್ಲೇ ಮುಳುಗಿದ್ದೆ. ಕೋರ್ಸುಗಳ ಕಡೆ ಸರಿಯಾಗಿ ನೋಡಲಿಲ್ಲ. ಲೆವೆಲ್ 12ಕ್ಕೆ ಕಳೆದ ಐದು ವರ್ಷದಲ್ಲಿ ಎರಡು ತರಬೇತಿ ಬೇಕು. ಮೇಡಂ ಹತ್ತಿರ ಎರಡು ಸರ್ಟಿಫಿಕೇಟ್ ಇದ್ದವು. ಎರಡಿದೆ, ಸರಿ ಅಂತ ನಾನೂ ಟಿಕ್ ಹಾಕಿದೆ.

ಅವೆರಡೂ ಐದೈದು ದಿನದ್ದು. ನಿಯಮ ಕೇಳುವುದು ಎರಡು ವಾರದ, ಅಂದರೆ ಹತ್ತು ದಿನದ ಕೋರ್ಸು. ಐದು ದಿನದವು ಎರಡಿದ್ದರೆ ಸೇರಿಸಿ ಒಂದು ಅಂತ ಲೆಕ್ಕ. ಇನ್ನೊಂದಕ್ಕೆ ಮೂಕ್, ಅಂದರೆ ಯಾರು ಬೇಕಾದರೂ ಸೇರಬಹುದಾದ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರವೂ ಆಗುತ್ತದೆ, ಲೈಬ್ರರಿ ಉನ್ನತೀಕರಣದ ಕೋರ್ಸೂ ಆಗುತ್ತದೆ. ಇವರ ಬಳಿ ಯಾವುದೂ ಇರಲಿಲ್ಲ. ಇದನ್ನು ಹಿಡಿದದ್ದು ನಾನಲ್ಲ, ಕಾಲೇಜಿನ ಆಂತರಿಕ ಗುಣಮಟ್ಟ ಘಟಕದಲ್ಲಿದ್ದ ಗಣಿತದ ಮೇಡಂ. ಫೈಲು ಕೊಡುವ ಎರಡು ದಿನ ಮುಂಚೆ. ಗಣಿತದವರ ಕಣ್ಣು ಬೇರೆ, ಅಲ್ವಾ?

ನಿಯಮದಲ್ಲಿ ಇದಕ್ಕೆ ದಾರಿ ಇದೆ, ಆದರೆ ಬೆಲೆಯೂ ಇದೆ. ಅರ್ಹತೆ ಯಾವತ್ತು ಪೂರ್ತಿ ಆಯಿತೋ ಬಡ್ತಿ ಆವತ್ತಿಂದ. ಐದು ವರ್ಷ ತುಂಬಿದ ದಿನದಿಂದ ಅಲ್ಲ. ಹಾಗೇ ಫೈಲು ಕೊಟ್ಟು ಸಮಿತಿಯಲ್ಲಿ ತಿರಸ್ಕಾರ ಆದರೆ ಮತ್ತೆ ನೋಡುವುದಕ್ಕೆ ಒಂದು ವರ್ಷ ಕಾಯಬೇಕು. ಹಾಗಾಗಿ ಫೈಲು ಕೊಡಲಿಲ್ಲ. ಮೂಕ್ ಕೋರ್ಸು ನಡೆಸುವ ಸ್ವಯಂ ಪೋರ್ಟಲಿನಲ್ಲಿ ಆ ಸೆಮಿಸ್ಟರಿನ ನೋಂದಣಿ ಇನ್ನೂ ತೆರೆದಿತ್ತು. ಅವತ್ತೇ ರಾತ್ರಿ ಸೇರಿದರು. ಪರೀಕ್ಷೆ ಬರೆದು ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ 2025 ಬಂದಿತ್ತು.

ನಾನು ಸಾರಿ ಕೇಳಿದೆ. "ಬಿಡಿ ಸರ್, ನಾನೇ ನೋಡ್ಬೇಕಿತ್ತು" ಅಂದರು. ಆದರೂ ಅವರ ಕೆಲವು ತಿಂಗಳ ಅರಿಯರ್ಸ್ ಹೋಯಿತಲ್ಲ ಅನ್ನುವುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸಮಿತಿಯ ಮುಂದೆ

ಪರಿಶೀಲನಾ ಸಮಿತಿ ಕೂತದ್ದು ಬೇಸಿಗೆಯಲ್ಲಿ. ನಾನು ಒಳಗೆ ಇರಲಿಲ್ಲ, ಮೇಡಂ ಹೇಳಿದ್ದನ್ನು ಬರೆಯುತ್ತಿದ್ದೇನೆ. ಹೊರಗಿನಿಂದ ಬಂದ ಲೈಬ್ರರಿ ತಜ್ಞರು ನೇರ 2021-22ರ ಪುಟಕ್ಕೇ ಹೋದರು. "ಇದು ಒಂದು ವಿಭಾಗ ಅಷ್ಟೇ. ಇದನ್ನ ಸ್ಟಾಕ್ ಪರಿಶೀಲನೆ ಅಂತ ಹೇಗೆ ಒಪ್ಪೋದು?"

ಮೇಡಂ ಎರಡು ಮಾತು ಹೇಳಿದರಂತೆ. ಕೋಷ್ಟಕದಲ್ಲಿ ಪರಿಶೀಲನೆ ಮಾಡಿರಬೇಕು ಅಂತ ಇದೆ, ಪೂರ್ತಿ ಅಂತ ಇಲ್ಲ. ಇನ್ನೊಂದು, 2020-21ರಲ್ಲಿ ಆಗಿಲ್ಲ ಅಂತ ನಾನೇ ಬರೆದಿದ್ದೇನೆ, ಆಗಿದ್ದನ್ನು ಮಾತ್ರ ಆಗಿದೆ ಅಂದಿದ್ದೇನೆ. ತಜ್ಞರು ಆ ಪುಟ ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ಬೇರೆಯೇ. ನುಡಿಯಿಂದ ಯೂನಿಕೋಡಿಗೆ ತರುವಾಗ ಅರ್ಕಾವತ್ತು ಹೇಗೆ ಸರಿ ಮಾಡಿದಿರಿ, ನಮ್ಮಲ್ಲೂ ಅದೇ ತೊಂದರೆ ಅಂತ. ಹತ್ತು ನಿಮಿಷ ಅದೇ ಮಾತು ನಡೆಯಿತಂತೆ.

ವಿಭಾಗವಾರು ಪರಿಶೀಲನೆಯ ಎರಡೂ ವರ್ಷಕ್ಕೆ ಗುಡ್ ಕೊಡಲಿಲ್ಲ, ಸ್ಯಾಟಿಸ್ಫ್ಯಾಕ್ಟರಿ ಕೊಟ್ಟರು. ಐದಕ್ಕೆ ನಾಲ್ಕು ಆಯಿತು. ಬೇರೆ ಸಮಿತಿ ಇದನ್ನೇ ಬೇರೆ ಥರ ಓದಬಹುದಿತ್ತು, ಅದು ನನಗೆ ಗೊತ್ತಿದೆ. ಮೇಲಿನ ಕಚೇರಿಗೆ ಹೋದ ಮೇಲೆ ಒಮ್ಮೆ ವಾಪಸ್ ಬಂತು. ಕಾರಣ, ಮೂರು ಜೆರಾಕ್ಸಿನ ಮೇಲೆ ದೃಢೀಕರಣದ ಸೀಲು ಬಿದ್ದಿರಲಿಲ್ಲ. ಸೀಲು ಹಾಕಿ ಕಳಿಸಿದರು. ಆದೇಶ ಬಂತು, ಮೂಕ್ ಪ್ರಮಾಣಪತ್ರದ ತಾರೀಕಿನಿಂದ ಜಾರಿ.

ಆದೇಶದ ಪ್ರತಿ ತೋರಿಸಲು ಬಂದಾಗ ಮೇಡಂ ಒಂದು ಡೈರಿಯನ್ನೂ ತಂದಿದ್ದರು. ಈಗ ಪ್ರತಿ ಶನಿವಾರ ಒಂದು ಕಪಾಟು ಸ್ಕ್ಯಾನ್ ಮಾಡುತ್ತಾರೆ, ಸೋಮವಾರ ಪ್ರಿನ್ಸಿಪಾಲರ ಸಹಿ ತೆಗೆದುಕೊಳ್ಳುತ್ತಾರೆ. ಗಾಜಿನ ಬೀರುವನ್ನೂ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. 2019ರ ಆ 171 ಪುಸ್ತಕಗಳ ರೈಟ್ ಆಫ್ ಮಾತ್ರ ಇನ್ನೂ ಆಗಿಲ್ಲ. ಮುಂದಿನ ಸಭೆಗೆ ಇಡುತ್ತೇವೆ ಅಂದಿದ್ದಾರಂತೆ.